ಸರಿ, ಬೆಸ

ಗ್ಯುಮ್ರಿಯಲ್ಲಿ ಫೆಬ್ರವರಿ. ಕಪ್ಪು ಕಲ್ಲಿನ ಗೋಡೆಗೆ ಒರಗಿ
ಹಿಮ ಇನ್ನೂ ಕೂತಿದೆ, ಬಾಕಿ ತೀರಿಸದ ಗಿರಾಕಿಯ ಹಾಗೆ.
ನನ್ನ ಕ್ಷೌರದಂಗಡಿಯಲ್ಲಿ ಎರಡು ಕುರ್ಚಿ, ಒಂದು ಕನ್ನಡಿ,
ಕಿಟಕಿಯ ಬಳಿ ನಾರ್ದಿ ಹಲಗೆ:
ಮೂವತ್ತು ಕಾಯಿ, ಎರಡು ದಾಳ, ಒಬ್ಬ ಹ್ರಾಚಿಕ್.

ಹ್ರಾಚಿಕ್ ದಾಳ ಎಸೆಯುವುದಿಲ್ಲ, ಇಡುತ್ತಾನೆ.
ಕಿರುಬೆರಳ ಸಂದಿಯಿಂದ ಆರು-ಆರು ಇಳಿಯುತ್ತದೆ,
ಕೋಳಿ ಮೊಟ್ಟೆಯಿಟ್ಟಷ್ಟು ಸಲೀಸಾಗಿ.
ಇಪ್ಪತ್ತು ವರ್ಷ ನೋಡಿ ನೋಡಿ ಸಾಕಾಗಿ
ಯಾರನ್ನೂ ಕೇಳದ ಹಾಗೆ ಕೇಳಿದೆ:
ಬೆರಳು ತಾಗದ ದಾಳ ಇಲ್ಲವೇ ಲೋಕದಲ್ಲಿ?

ಇದೆ, ಎಂದಳು ಶೋಘೇರ್, ಮೇಲಿನ ಮನೆಯವಳು, ಹನ್ನೆರಡು ವರ್ಷ,
ಮುಂಗೂದಲು ಕತ್ತರಿಸಿಕೊಳ್ಳುತ್ತ, ಕಣ್ಣು ಮುಚ್ಚಿಕೊಂಡೇ.
ಗುಂಡಿ ಒತ್ತಿದರೆ ಏಳು ಕೆಂಪು ದೀಪ.
ಆದರೆ ನಾವೇ ಮಾಡಿಕೊಳ್ಳಬೇಕು.

ಅವಳಿಗೊಂದು ಕಿಟ್, ನನಗೊಂದು. ಮೂರು ಕ್ಷೌರದ ದುಡ್ಡು.
ಒಳಗೆ ಓದಲಾಗದ ಚೀನೀ ಕಾಗದ,
ನೆಟ್ಟಗೆ ನಿಲ್ಲದ ಸ್ಟ್ಯಾಂಡು, ಪೆನ್ಸಿಲ್ಲಿನಂಥ ಕಾವುಕಡ್ಡಿ,
ಬಾಚಣಿಗೆಗೆ ಸಿಕ್ಕ ನರೆಗೂದಲಿನಂತೆ
ಸುತ್ತಿಕೊಂಡ ಬೆಸುಗೆ ತಂತಿ,
ಹಸಿರು ಹಲಗೆ, ಹಲಗೆ ತುಂಬ ತೂತು.
ದೀಪಗಳಿಗೆ ಎರಡೆರಡು ಕಾಲು,
ಒಂದು ಉದ್ದ, ಒಂದು ಗಿಡ್ಡ.
ಸಮ ಮಾಡೋಣವೆಂದು ಕತ್ತರಿ ಎತ್ತಿದೆ.
ಶೋಘೇರ್ ಚೀರಿದಳು.

ಮೊದಲ ಬೆಸುಗೆ ನಟ್ಟನಡುವಿನ ದೀಪಕ್ಕೆ.
ನಲವತ್ತು ವರ್ಷ ಕತ್ತಿ ಹಿಡಿದ ಕೈ,
ಕುಡುಕರ ಗಂಟಲ ಮೇಲೂ ಜಾರದ ಕೈ
ನಡುಗಿತು.
ಕಡ್ಡಿಯ ತುದಿಯಲ್ಲೇ ತಂತಿ ಕರಗಿಸಿ ಆ ಹನಿಯನ್ನು
ಕಾಲಿಗೆ ಮೆತ್ತಿದೆ, ಕೆನ್ನೆಗೆ ನೊರೆ ಮೆತ್ತಿದ ಹಾಗೆ.
ಕೂತಿತು ಒಂದು ಬೂದು ಉಂಡೆ,
ಯಾರಿಗೂ ಅಂಟದೆ, ಎಲ್ಲರ ನಡುವೆ.
ತಣ್ಣಗಿನ ಬೆಸುಗೆ, ಎಂದಳು.
ಬೆರಳು ಸುಟ್ಟುಕೊಂಡವನ ಎದುರು
ತಣ್ಣಗೆ ಅಂತೀಯಲ್ಲೇ ಹುಡುಗಿ!

ತಂತಿ ಕಾಯಿಸಬೇಡಿ, ವರ್ದ್ಗೆಸ್ ಮಾಮ. ಜಾಗ ಕಾಯಿಸಿ.
ಕಾಲಿಗೂ ಬಳೆಗೂ ಒಟ್ಟಿಗೆ ತಾಗಿಸಿ, ಎರಡೆಣಿಸಿ,
ಆಮೇಲೆ ತಂತಿ ತನ್ನಿ. ಅದು ತಾನೇ ಹೋಗುತ್ತೆ.

ಬಿಸಿ ಟವೆಲು ಮೊದಲು, ಕತ್ತಿ ಆಮೇಲೆ.
ಗಡ್ಡದಲ್ಲಿ ಗೊತ್ತಿದ್ದ ಮಾತು
ತವರದಲ್ಲಿ ಮರೆತಿತ್ತು ನನಗೆ.

ಹೋಯಿತು. ರಾಳದ ಹೊಗೆ ಎದ್ದಿತು, ಇಗರ್ಜಿಯ ಧೂಪಕ್ಕೂ
ನನ್ನ ಅಗ್ಗದ ಕಲೋನಿಗೂ ನಡುವಿನ ವಾಸನೆ.
ತವರ ಒಮ್ಮೆ ಮಿನುಗಿ, ಕಾಲಿನ ಸುತ್ತ ಏರಿ
ಪುಟ್ಟ ಡೇರೆಯಾಗಿ ನಿಂತಿತು.
ಉಳಿದವನ್ನೆಲ್ಲ ಹಾಗೇ ಮಾಡಿದೆ.
ಮೊದಲನೆಯದನ್ನು ಮರೆತೆ.

ಶೋಘೇರಳ ದಾಳ ಪಸಂದಾಗಿತ್ತು.
ನನ್ನದರಲ್ಲಿ ಮೂರು ಬಿದ್ದರೆ ಎರಡು, ಐದು ಬಿದ್ದರೆ ನಾಲ್ಕು,
ಒಂದು ಬಿದ್ದರೆ ಕತ್ತಲು.
ಬೆಸೆಯದ ಒಂದು ಚುಕ್ಕೆಯಿಂದ ಬೆಸವೆಲ್ಲ ಹೋಗಿ
ನನ್ನ ದಾಳಕ್ಕೆ ಲೋಕದಲ್ಲಿ ಎಲ್ಲವೂ ಸರಿ.

ಹ್ರಾಚಿಕನಿಗೆ ಹಬ್ಬ.
ಎರಡು ದೀಪ ಕಂಡರೆ ಮೂರು ಎನ್ನುತ್ತಾನೆ,
ನಾಲ್ಕು ಕಂಡರೆ ಅವನ ಕಾಯಿಗೆ ಬೇಕಾದ್ದು.
ಕತ್ತಲಾದರೆ, ನಾನು ಒತ್ತೇ ಇಲ್ಲವಲ್ಲ ಎಂದು
ಇನ್ನೊಮ್ಮೆ ಒತ್ತುತ್ತಾನೆ.
ಬೆರಳು ತಾಗದ ದಾಳಕ್ಕೆ ನಾಲಿಗೆ ತಾಗಿಸಿದ.
ಕುರ್ಚಿಯಲ್ಲಿದ್ದವನು ನಕ್ಕ ರಭಸಕ್ಕೆ
ಅವನ ಅರ್ಧ ಮೀಸೆ ಹೋಯಿತು. ದುಡ್ಡು ಕೇಳಲಿಲ್ಲ ನಾನು.

ರಾತ್ರಿ ಬಾಗಿಲು ಹಾಕಿ ಕೂತೆ. ಮೇಲೆ ಶೋಘೇರ್ ಮಲಗಿರಬೇಕು.
ಬೂದು ಉಂಡೆಗೆ ಕಡ್ಡಿ ತಾಗಿಸಿ, ಒಂದು, ಎರಡು,
ಚೂರೇ ಚೂರು ತಂತಿ.
ಮೊಂಡು ಕರಗಿ, ಹೊಳೆದು, ಬಾಗಿತು.
ಗುಂಡಿ ಒತ್ತಿದೆ. ನಾಲ್ಕು.
ಒತ್ತಿದೆ. ಆರು. ಹಗಲೆಲ್ಲ ನನಗೆ ಬಾರದ ಆರು.
ಎರಡು. ಮತ್ತೆ ಎರಡು.
ದಾಳದ ಅಜ್ಜಿಯವರೆಗೂ ಬೈದೆ.
ಆಮೇಲೆ ನಟ್ಟನಡುವೆ, ಒಂಟಿ, ಕೆಂಪು.
ಎದುರು ಕನ್ನಡಿಯಲ್ಲಿ ಇನ್ನೊಂದು.

ಹೆಪ್-ಯೆಕ್. ಒಂದು, ಒಂದು.
ನಾರ್ದಿಯಲ್ಲಿ ಅದಕ್ಕಿಂತ ಬಡ ಗರ ಇಲ್ಲ.
ಕೈಕೂಡ ತೊಳೆಯದೆ
ನೋಡುತ್ತ ಕೂತೆ.